ಎರಡು ಹೊನ್ನೆಗಳ ಜಗಳ

ಕಾರವಾರದ ಕಡಲ ದಂಡೆಗೆ ಸಸ್ಯಶಾಸ್ತ್ರದ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಈ ಜಗಳ ಇದ್ದದ್ದೇ. ದಪ್ಪ ಎಲೆಯ ಮರವೊಂದನ್ನು ತೋರಿಸಿ ಅಂಕೋಲೆಯ ಹುಡುಗ ‘ಇದು ಹೊನ್ನೆ’ ಅನ್ನುತ್ತಾನೆ. ಶಿರಸಿ ಕಡೆಯ ಹುಡುಗಿ ಒಪ್ಪುವುದಿಲ್ಲ. ‘ನಮ್ಮಲ್ಲಿ ಹೊನ್ನೆ ಅಂದ್ರೆ ಬೇರೆನೇ ಮರ ಸರ್. ಕಚ್ಚು ಹಾಕಿದ್ರೆ ಕೆಂಪು ಅಂಟು ಬರ್ತದೆ.’

ಇಬ್ಬರ ಮಾತೂ ಸರಿಯೇ. ಕರಾವಳಿಯವರಿಗೆ ದೀಪದ ಎಣ್ಣೆ ಕೊಟ್ಟ ಮರ ಹೊನ್ನೆ, ಪುಸ್ತಕದಲ್ಲಿ ಅದು ಸುರಹೊನ್ನೆ. ಘಟ್ಟದ ಮೇಲಿನವರಿಗೆ ನಾಟಾ ಕೊಟ್ಟ ಮರ ಹೊನ್ನೆ. ಎರಡಕ್ಕೂ ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ.

ಆಗ ನಾನು ಶಾಸ್ತ್ರದ ಹೆಸರು ಹೇಳುತ್ತೇನೆ. ಮಕ್ಕಳ ಮುಖ ಸಪ್ಪಗಾಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಬೇಕಾದ ಇನ್ನೊಂದು ಕಷ್ಟ ಅಂತ ಅವರಿಗೆ ಅನಿಸುತ್ತದೆ. ಹಾಗಾಗಿ ಹೆಸರು ಹೇಳುವ ಮೊದಲು ಕೈಗೊಂದು ಎಲೆ ಕೊಡುತ್ತೇನೆ.

ದಂಡೆಯ ಮರ ಕ್ಯಾಲೊಫಿಲ್ಲಮ್ ಇನೊಫಿಲ್ಲಮ್. ಗ್ರೀಕಿನಲ್ಲಿ ‘ಕಲೋಸ್’ ಅಂದರೆ ಚಂದ, ‘ಫಿಲ್ಲಾನ್’ ಅಂದರೆ ಎಲೆ. ‘ಇನೊ’ ಬಂದದ್ದು ನಾರು ಎನ್ನುವ ಪದದಿಂದ. ಚಂದದ ಎಲೆ, ನಾರಿನಂಥ ಎಲೆ. ಈಗ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ನಡುನರದಿಂದ ಅಂಚಿನವರೆಗೆ ಕೂದಲೆಳೆಯಂಥ ನರಗಳು, ಒಂದರ ಪಕ್ಕ ಒಂದು, ಬಾಚಣಿಗೆಯಲ್ಲಿ ಬಾಚಿದ ಹಾಗೆ. ಈ ದಂಡೆಯಲ್ಲಿ ಇಷ್ಟು ಒತ್ತಾಗಿ, ಇಷ್ಟು ನೇರವಾಗಿ ನರ ಹಾಯ್ದ ದೊಡ್ಡ ಎಲೆ ಬೇರೊಂದನ್ನು ನಾನು ಕಂಡಿಲ್ಲ. ಹೂವಿಲ್ಲದಿದ್ದರೂ, ಕಾಯಿ ಇಲ್ಲದಿದ್ದರೂ ಮರ ಗುರುತು ಸಿಕ್ಕಿತು, ಅಲ್ವಾ?

ಘಟ್ಟದ ಹೊನ್ನೆ ಟೆರೊಕಾರ್ಪಸ್ ಮಾರ್ಸುಪಿಯಮ್. ‘ಟೆರಾನ್’ ರೆಕ್ಕೆ, ‘ಕಾರ್ಪೋಸ್’ ಹಣ್ಣು. ‘ಮಾರ್ಸುಪಿಯಮ್’ ಲ್ಯಾಟಿನ್ನಿನಲ್ಲಿ ಹಣದ ಚೀಲ. ಇದರ ಕಾಯಿ ನಾಣ್ಯದ ಹಾಗೆ ಚಪ್ಪಟೆ. ನಡುವೆ ಬೀಜದ ಗಂಟು, ಸುತ್ತಲೂ ತೆಳ್ಳಗಿನ ರೆಕ್ಕೆ. ದಂಡೆಯ ಹೊನ್ನೆಯ ಕಾಯಿಯೋ ಗೋಲಿಯಂತೆ ಗುಂಡಗೆ. ಎರಡನ್ನೂ ಅಂಗೈಯಲ್ಲಿಟ್ಟು ತೋರಿಸಿದರೆ ಜಗಳ ಅಲ್ಲಿಗೇ ಮುಗಿಯುತ್ತದೆ.

ಒಮ್ಮೆ ‘ಕಾರ್ಪಸ್’ ತಿಳಿದರೆ ಮುಂದಿನದು ಸುಲಭ. ಹಲಸು ಆರ್ಟೊಕಾರ್ಪಸ್ ಹೆಟೆರೊಫಿಲ್ಲಸ್, ರೊಟ್ಟಿಯಂಥ ಹಣ್ಣಿನ, ಬೇರೆ ಬೇರೆ ರೂಪದ ಎಲೆಯ ಮರ. ದೊಡ್ಡ ಮರದ ಎಲೆ ಮಾತ್ರ ನೋಡಿದವರಿಗೆ ಇದು ಹೊಳೆಯುವುದಿಲ್ಲ. ಎಳೆ ಸಸಿಯನ್ನು ನೋಡಿ, ಕೆಲವು ಎಲೆಗೆ ಸೀಳು ಇರುತ್ತದೆ.

ಅಲ್ಲೇ ಮರಳಿನ ಮೇಲೆ ಅಡಂಬು ಬಳ್ಳಿ ಹಬ್ಬಿರುತ್ತದೆ. ಐಪೊಮಿಯಾ ಪೆಸ್-ಕಾಪ್ರೆ. ‘ಪೆಸ್’ ಪಾದ, ‘ಕಾಪ್ರಾ’ ಆಡು. ಎಲೆಯ ತುದಿ ಸೀಳಿ ಥೇಟ್ ಆಡಿನ ಗೊರಸಿನ ಹಾಗೆಯೇ ಇದೆ. ಕಾಳಿ ನದಿ ಕಡಲು ಸೇರುವಲ್ಲಿ ಕೆಸರಿಗೆ ಬೇರಿಳಿಸಿ ನಿಂತ ಕಾಂಡ್ಲಾ ರೈಜೊಫೊರಾ, ಅಂದರೆ ಬೇರು ಹೊತ್ತದ್ದು.

ಎರಡು ಪದದ ಈ ಪದ್ಧತಿಯನ್ನು ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಎಲ್ಲ ಗಿಡಗಳಿಗೂ ಹಾಕಿಕೊಟ್ಟ. ಆಗ ಯುರೋಪಿನ ಪಂಡಿತರೆಲ್ಲ ಬರೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಗ್ರೀಕ್ ಪದಗಳೂ ಲ್ಯಾಟಿನ್ ಬಾಲ ಅಂಟಿಸಿಕೊಂಡೇ ಒಳಗೆ ಬಂದವು.

ಹೆಸರು ಯಾವಾಗಲೂ ಸತ್ಯ ಹೇಳುತ್ತದೆ ಅಂತಲ್ಲ. ನಮ್ಮ ಅಡಿಕೆಯನ್ನೇ ನೋಡಿ, ಅರೆಕಾ ಕಟೆಚು. ಇದರಲ್ಲಿ ಗ್ರೀಕೂ ಇಲ್ಲ, ಲ್ಯಾಟಿನ್ನೂ ಇಲ್ಲ. ‘ಅರೆಕಾ’ ನಮ್ಮ ದಕ್ಷಿಣದ ‘ಅಡಿಕೆ’ಯೇ, ಪೋರ್ಚುಗೀಸರ ಬಾಯಲ್ಲಿ ಹೊರಳಿದ್ದು. ‘ಕಟೆಚು’ ಅಂದರೆ ಕಾಚು. ಎಲೆಯಡಿಕೆಗೆ ಹಾಕುವ ಕಾಚು ಮುಖ್ಯವಾಗಿ ಬರುವುದು ಖೈರದ ಮರದ ತಿರುಳಿನಿಂದ ಎಂದು ಶಿರಸಿಯ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಹೆಸರು ಹಾಗೇ ಉಳಿದಿದೆ. ಅರ್ಥ ಹೊಂದಲಿಲ್ಲ ಅಂತ ಹೆಸರು ಬದಲಿಸುವಂತಿಲ್ಲ, ನಿಯಮ ಹಾಗಿದೆ. ಈ ನಿಯಮ ನನಗೆ ಒಪ್ಪಿಗೆ. ತಪ್ಪು ಕಂಡಾಗಲೆಲ್ಲ ತಿದ್ದುತ್ತ ಹೋದರೆ ಮತ್ತೆ ಹೊನ್ನೆಯ ಜಗಳಕ್ಕೇ ಬಂದು ನಿಲ್ಲುತ್ತೇವೆ.

ನನಗೆ ಎಲ್ಲಕ್ಕಿಂತ ಪ್ರೀತಿಯ ಹೆಸರು ಸಿದ್ದಾಪುರ ತಾಲೂಕಿನ ಮರವೊಂದರದ್ದು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ‘ಸೆಮೆ’ ಅಂದರೆ ಗುರುತು. ಕರಿಗೇರು ಇದೇ ಕುಲದ್ದು. ಅದರ ಕಾಯಿಯ ರಸದಿಂದ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದರು, ಒಗೆದರೂ ಹೋಗುತ್ತಿರಲಿಲ್ಲ. (ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ, ಸುಮ್ನೆ ಮುಟ್ಟಲು ಹೋಗಬೇಡಿ.) ‘ಎನ್ಸಿಸ್’ ಅಂದರೆ ಆ ಊರಿನದು. ಕತ್ತಲೆಕಾನಿನ ಜೌಗು ಕಾಡಿನಲ್ಲಿ ಸಿಕ್ಕ ಮರ ಅದು. ಅದಕ್ಕೆ ಹೆಸರಾದದ್ದು 2000ದಲ್ಲಿ. ಬಿಸಿಲು ನೆಲಕ್ಕೆ ಇಳಿಯದ ಕಾಡು ಅಂತ ನಮ್ಮವರು ಕರೆದ ಪದವೇ ಲ್ಯಾಟಿನ್ ಬಾಲ ಹೊತ್ತು ಈಗ ಜಗತ್ತಿನ ಹರ್ಬೇರಿಯಂಗಳಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಗಳಲ್ಲಿ, ಇದೆ. ಉಳಿದಿರುವ ಮರಗಳು ಬಹಳ ಕಡಿಮೆ. ಆ ಕಾನಿಗೆ ಮಕ್ಕಳನ್ನು ಕರೆದೊಯ್ದಾಗ ಎಲೆ ಕೀಳಲು ಬಿಡುವುದಿಲ್ಲ, ಬಿದ್ದದ್ದನ್ನೇ ಹೆಕ್ಕಿ ತೋರಿಸುತ್ತೇನೆ.