ಬಯಸಿದ್ದೆಲ್ಲ ಸಿಗುತ್ತಾ?

ಪ್ರಶ್ನೆ: ಕೆಲಸದಲ್ಲಿ ಮೇಲೆ ಬರಬೇಕು, ಸ್ವಂತ ಮನೆ ಕಟ್ಟಬೇಕು, ಮಗಳ ಜೊತೆ ಇರಬೇಕು, ಆರೋಗ್ಯ ನೋಡಿಕೊಳ್ಳಬೇಕು, ಬಿಟ್ಟುಹೋದ ಸಂಗೀತ ಮತ್ತೆ ಕಲಿಯಬೇಕು. ಇಷ್ಟೂ ಒಬ್ಬರಿಗೆ ಸಿಗಲು ಸಾಧ್ಯವೇ? ಅಥವಾ ಆಸೆ ಕಡಿಮೆ ಮಾಡಿಕೊಳ್ಳಬೇಕಾ?

ಆಸೆ ಕಡಿಮೆ ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ನೀವು ಕೇಳಿದ್ದರಲ್ಲಿ ಅತಿಯಾಸೆ ಯಾವುದೂ ಇಲ್ಲ. ಆದರೆ ಎಲ್ಲವೂ ಒಟ್ಟಿಗೆ ಸಿಗುವುದು ಕಷ್ಟ. ಅದು ನಿಮ್ಮ ಯೋಗ್ಯತೆಯ ಮಾತಲ್ಲ, ಬರೀ ಲೆಕ್ಕದ ಮಾತು.

ವಾರಕ್ಕೆ 168 ಗಂಟೆ. ದಿನಕ್ಕೆ 8 ಗಂಟೆ ನಿದ್ದೆ ಅಂದರೆ 56 ಹೋಯಿತು. ಕೆಲಸ, ಓಡಾಟ ಸೇರಿ 55 ಇಟ್ಟುಕೊಳ್ಳಿ. ಅಡುಗೆ, ಊಟ, ಸ್ನಾನ, ಮನೆಗೆಲಸಕ್ಕೆ ದಿನಕ್ಕೆ 4 ಗಂಟೆಯಂತೆ 28. ಉಳಿಯುವುದು 29, ಅಂದರೆ ದಿನಕ್ಕೆ ನಾಲ್ಕು ಗಂಟೆ ಚಿಲ್ಲರೆ. ಮಗಳು, ವ್ಯಾಯಾಮ, ಸಂಗೀತ, ಸ್ನೇಹಿತರು, ಸುಮ್ನೆ ಕೂರುವುದು ಎಲ್ಲಕ್ಕೂ ಇಷ್ಟೇ. ಬಡ್ತಿಗಾಗಿ ಇನ್ನೆರಡು ಗಂಟೆ ಕೊಟ್ಟರೆ ಅದು ಇಲ್ಲಿಂದಲೇ ಹೋಗಬೇಕು. ಅಥವಾ ನಿದ್ದೆಯಿಂದ. ಹೆಚ್ಚಿನವರು ನಿದ್ದೆಯನ್ನೇ ಕತ್ತರಿಸುತ್ತಾರೆ. ಆಗ ಆರೋಗ್ಯ ಅನ್ನುವ ಆಸೆಗೇ ಪೆಟ್ಟು ಬೀಳುತ್ತದೆ.

ಇನ್ನೊಂದು ತೊಡಕು ಆಸೆಯ ಸ್ವಭಾವದಲ್ಲೇ ಇದೆ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಗಾರರು ದೊಡ್ಡ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದರು. ಬೇರೆಯವರಿಗಿಂತ ಅವರೇನೂ ಜಾಸ್ತಿ ಖುಷಿಯಾಗಿರಲಿಲ್ಲ. ದಿನನಿತ್ಯದ ಸಣ್ಣಪುಟ್ಟ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷ ಇನ್ನೂ ಕಡಿಮೆ ಇತ್ತು. ತೀರಾ ಚಿಕ್ಕ ಅಧ್ಯಯನ ಇದು. ದುಡ್ಡಿನಿಂದ ಸುಖವೇ ಇಲ್ಲ ಅಂತ ಇದರಿಂದ ಹೇಳಲಾಗದು, ಹೇಳಲೂಬಾರದು. ಆದರೆ ಸಿಕ್ಕಿದ್ದಕ್ಕೆ ಬೇಗ ಒಗ್ಗಿಹೋಗುತ್ತೇವೆ ಅನ್ನುವುದು ನಮಗೆಲ್ಲ ಅನುಭವದಿಂದಲೇ ಗೊತ್ತು, ಅಲ್ವಾ?

ಮಿದುಳಿನಲ್ಲಿ ‘ಬೇಕು’ ಅನ್ನುವುದು ಬೇರೆ, ‘ಹಿತವಾಗಿದೆ’ ಅನ್ನುವುದು ಬೇರೆ. ಮಿದುಳಿನ ಬಗ್ಗೆ ಸಂಶೋಧನೆ ಮಾಡುವ ಕೆಂಟ್ ಬೆರಿಡ್ಜ್ ಇದನ್ನು ಇಲಿಗಳಲ್ಲಿ ಕಂಡರು. ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕ ಹೆಚ್ಚುಕಡಿಮೆ ಇಲ್ಲವಾದ ಇಲಿಗಳು ತಿನಿಸು ಹುಡುಕಿ ಹೋಗುತ್ತಿರಲಿಲ್ಲ. ಆದರೆ ಸಿಹಿಯನ್ನು ಬಾಯಿಗೆ ಹಾಕಿದರೆ ಇಷ್ಟಪಡುವ ಚಹರೆಯೇ ಕಾಣುತ್ತಿತ್ತು. ಹಾಗಾಗಿ ಒಂದು ವಸ್ತು ತುಂಬಾ ಬೇಕು ಅನ್ನಿಸಿದರೂ ಸಿಕ್ಕಾಗ ಅಷ್ಟು ಹಿತ ಕೊಡದೇ ಇರಬಹುದು.

ಹಾಗಾದರೆ ಆರಿಸುವುದು ಹೇಗೆ? ಯಾವುದು ಮುಖ್ಯ ಅಂತ ನಾನು ಮೊದಲು ಕೇಳುವುದಿಲ್ಲ, ಏಕೆಂದರೆ ಎಲ್ಲವೂ ಮುಖ್ಯವೇ. ಯಾವುದು ಕಾಯುತ್ತದೆ ಅಂತ ಕೇಳುತ್ತೇನೆ. ಸ್ವಂತ ಮನೆ ಐದು ವರ್ಷ ತಡವಾದರೂ ಮನೆಯೇ. ಬಡ್ತಿಗೆ ಇನ್ನೊಂದು ಅವಕಾಶ ಸಾಮಾನ್ಯವಾಗಿ ಬರುತ್ತದೆ. ಸಂಗೀತವನ್ನು ಐವತ್ತರಲ್ಲೂ ಕಲಿಯಬಹುದು, ಈಗ ವಾರಕ್ಕೆ ಒಂದು ಗಂಟೆ ಕೊಟ್ಟರೆ ಸಾಕು, ಕೈ ಮರೆಯುವುದಿಲ್ಲ. ‘ಇಷ್ಟಿದ್ದರೆ ಸಾಕು’ ಅಂತ ಮೊದಲೇ ಗೆರೆ ಹಾಕಿ ಆರಿಸುವುದಕ್ಕೆ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1956ರಲ್ಲೇ ‘ಸ್ಯಾಟಿಸ್‌ಫೈಸಿಂಗ್’ ಅಂತ ಹೆಸರು ಕೊಟ್ಟಿದ್ದರು. ಮನೆ, ಬಡ್ತಿ, ಸಂಗೀತ ಮೂರಕ್ಕೂ ಅಂಥ ಗೆರೆ ಹಾಕಬಹುದು.

ನಿಮ್ಮ ಪಟ್ಟಿಯಲ್ಲಿ ಕಾಯದೇ ಇರುವುದು ಎರಡೇ. ಒಂದು ನಿಮ್ಮ ದೇಹ. ಇನ್ನೊಂದು ಮಗಳ ಈ ವಯಸ್ಸು. ದಿನದ ಆ ನಾಲ್ಕು ಗಂಟೆಯಲ್ಲಿ ಮೊದಲ ಪಾಲನ್ನು ಇವೆರಡಕ್ಕೆ ಎತ್ತಿಡಿ. ಸಂಜೆ ಅವಳ ಜೊತೆ ಒಂದಷ್ಟು ದೂರ ನಡೆದು ಬಂದರೆ ಎರಡೂ ಒಟ್ಟಿಗೇ ಆಗುತ್ತದೆ.