ಹೂ ಬರಬೇಕಾದರೆ ಕ್ರೇಪ್ ಮಿರ್ಟಲ್ ಗಿಡದ ತಲೆ ಕಡಿಯಲೇಬೇಕಾ?

ಪ್ರಶ್ನೆ: ನಮ್ಮ ಕೈತೋಟದಲ್ಲಿ ಕೆಲವು ವರ್ಷಗಳಿಂದ ಒಂದು ಕ್ರೇಪ್ ಮಿರ್ಟಲ್ ಇದೆ. ಪ್ರತಿ ವರ್ಷ ಅದನ್ನು ಎದೆಮಟ್ಟಕ್ಕೆ ಕಡಿಸುತ್ತೇವೆ. ಕಡಿಯದಿದ್ದರೆ ಹೂ ಬಿಡುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಹೂವು ಕಮ್ಮಿಯೇ. ಬಂದ ಗೊಂಚಲುಗಳೂ ಒಂದು ಮಳೆಗೆ ನೆಲ ಮುಟ್ಟುತ್ತವೆ. ಏನು ಮಾಡಬೇಕು?

ಉತ್ತರ: ಮೊದಲು ಕಡಿಸುವುದನ್ನು ನಿಲ್ಲಿಸಿ. ಹೂ ಕಮ್ಮಿಯಾಗಲು ಬೇರೆ ಕಾರಣವಿರಬಹುದು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಗೊಂಚಲು ಬಾಗುತ್ತಿರುವುದು ಬಹುಮಟ್ಟಿಗೆ ಈ ಕಡಿತದಿಂದಲೇ.

ನಿಮಗೆ ಹೇಳಿದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕ್ರೇಪ್ ಮಿರ್ಟಲ್ ಹೂ ಬಿಡುವುದು ಆಯಾ ವರ್ಷ ಹೊಸದಾಗಿ ಬಂದ ರೆಂಬೆಗಳ ತುದಿಯಲ್ಲಿ. ಹಳೆಯ ಕೊಂಬೆಯ ಮೇಲೆ ನೇರವಾಗಿ ಹೂ ಬರುವುದಿಲ್ಲ. ಹಾಗಾಗಿ ಹಳೆಯದನ್ನೆಲ್ಲ ತೆಗೆದರೆ ಹೊಸದು ಜಾಸ್ತಿ ಬರುತ್ತದೆ ಎಂಬ ಲೆಕ್ಕ. ಕೇಳಲು ಸರಿಯಾಗಿಯೇ ಇದೆ ಅಲ್ವಾ? ಆದರೆ ಕತ್ತರಿ ಮುಟ್ಟಿಸದೆ ಬಿಟ್ಟರೂ ಈ ಗಿಡ ಪ್ರತಿ ವರ್ಷ ತಾನಾಗಿಯೇ ನೂರಾರು ಕಡೆ ಚಿಗುರುತ್ತದೆ. ಪ್ರತಿ ಚಿಗುರಿನ ತುದಿಗೂ ಒಂದೊಂದು ಗೊಂಚಲು ಬರಬಹುದು.

ದಪ್ಪ ಕಾಂಡವನ್ನೇ ಮೊಟಕಿಸಿದಾಗ ಆಗುವುದು ಬೇರೆ. ಬೇರು ಮಾತ್ರ ಇಡೀ ಮರಕ್ಕೆ ಸಾಕಾಗುವಷ್ಟು ದೊಡ್ಡದಿರುತ್ತದೆ. ಮೇಲೆ ಉಳಿದಿರುವುದು ಕೆಲವೇ ಮೋಟುಗಳು. ಆ ಬಲವೆಲ್ಲ ಅಲ್ಲಿಂದ ನುಗ್ಗಿ, ಆಳುದ್ದದ ತೆಳ್ಳಗಿನ ಚಿಗುರುಗಳು ಒತ್ತೊತ್ತಾಗಿ ಏಳುತ್ತವೆ. ಗೊಂಚಲುಗಳ ಸಂಖ್ಯೆ ಕಮ್ಮಿಯಾಗಿ ಒಂದೊಂದರ ಗಾತ್ರ ಹೆಚ್ಚುತ್ತದೆ. ಅಷ್ಟು ಭಾರ ಹೊರುವ ಕಸುವು ಆ ಎಳೆಯ ರೆಂಬೆಗೆ ಇರುವುದಿಲ್ಲ. ಮಳೆನೀರೂ ಸೇರಿದರೆ ಬಾಗದೆ ಇನ್ನೇನು ಮಾಡೀತು? ಅಷ್ಟುದ್ದ ಬೆಳೆದೇ ಹೂವಿಗೆ ಬರಬೇಕಾದ್ದರಿಂದ ಹೂ ತಡವೂ ಆಗುತ್ತದೆ. ವರ್ಷ ವರ್ಷವೂ ಅದೇ ಜಾಗದಲ್ಲಿ ಕತ್ತರಿಸುತ್ತಿದ್ದರೆ ಅಲ್ಲಿ ಮುಷ್ಟಿಯಂಥ ಗಂಟು ಕಟ್ಟುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಈ ಗಿಡ ಬೀದಿ ಬೀದಿಯಲ್ಲೂ ಇದೆ, ಈ ಚಾಳಿಯೂ ಇದೆ. ಅಲ್ಲಿನ ತೋಟಗಾರರು ಇದನ್ನು 'ಕ್ರೇಪ್ ಮರ್ಡರ್' ಎಂದೇ ಕರೆಯುತ್ತಾರೆ. ನನಗೂ ಅದು ಜಾಸ್ತಿಯಾಯಿತು ಅನಿಸುವುದಿಲ್ಲ.

ಯಾಕೆಂದರೆ ಈ ಮರದ ಚೆಲುವು ಹೂವಿನಲ್ಲಿ ಮಾತ್ರ ಇಲ್ಲ. ಕಾಂಡ ಬಲಿತ ಮೇಲೆ ಹೊರಗಿನ ತೊಗಟೆ ತೆಳು ಪದರಗಳಾಗಿ ಸುಲಿದುಹೋಗುತ್ತದೆ. ಒಳಗಿನಿಂದ ನುಣುಪಾದ, ಕಂದು, ಬೂದು, ನಸುಗೆಂಪು ಬಣ್ಣ ಬೆರೆತ ಮೈ ಕಾಣುತ್ತದೆ. ಎಲೆ ಉದುರಿದ ದಿನಗಳಲ್ಲೂ ನೋಡುವಂತಿರುವ ಹೂಮರಗಳು ಎಷ್ಟಿವೆ ಹೇಳಿ? ಕೊಂಬೆಗಳನ್ನು ಬಲಿಯಲು ಬಿಡದೆ ಕಡಿಯುತ್ತಿದ್ದರೆ ಅದರ ಅರ್ಧ ಚೆಲುವು ನಮ್ಮ ಪಾಲಿಗಿಲ್ಲ.

ಹಾಗಂತ ಕತ್ತರಿಯೇ ಬೇಡ ಎಂದಲ್ಲ. ಎಲೆ ಉದುರಿ ಗಿಡ ಮಲಗಿರುತ್ತದಲ್ಲ, ಚಳಿ ಮುಗಿಯುತ್ತಾ ಬಂದಾಗ, ಹೊಸ ಚಿಗುರು ಒಡೆಯುವ ಮೊದಲು ಸವರಿ. ಒಣಗಿದ್ದು, ಒಂದಕ್ಕೊಂದು ಉಜ್ಜುವಂಥದ್ದು, ಒಳಮುಖವಾಗಿ ಬೆಳೆದದ್ದು, ಬುಡದಿಂದ ಏಳುವ ಬೇಡದ ಚಿಗುರು, ಇಷ್ಟು ತೆಗೆದರೆ ಸಾಕು. ತುದಿಗಳನ್ನು ಸವರುವುದಾದರೆ ಪೆನ್ಸಿಲ್‌ಗಿಂತ ದಪ್ಪದ್ದಕ್ಕೆ ಕೈ ಹಾಕಬೇಡಿ. ಒಣಗಿದ ಬೀಜದ ಕಾಯಿಗಳನ್ನು ತೆಗೆಯದಿದ್ದರೂ ಮುಂದಿನ ವರ್ಷದ ಹೂವಿಗೆ ಏನೂ ತೊಂದರೆಯಿಲ್ಲ. ಆದರೆ ಹೂವಿನ ಕಾಲದಲ್ಲೇ, ಬಾಡಿದ ಗೊಂಚಲನ್ನು ಕಾಯಿ ಕಟ್ಟುವ ಮೊದಲು ಕತ್ತರಿಸಿದರೆ ಅದರ ಕೆಳಗಿನಿಂದ ಚಿಗುರೊಡೆದು ಇನ್ನೊಂದು ಸುತ್ತು ಹೂ ಬರುತ್ತದೆ. ಕೈಗೆ ಎಟುಕುವ ಗಿಡಕ್ಕೆ ಮಾತ್ರ ಈ ಮಾತು. ಸುಮ್ನೆ ಏಣಿ ಹತ್ತಲು ಹೋಗಬೇಡಿ.

ಇನ್ನು ಹೂ ಕಮ್ಮಿ ಎಂಬ ದೂರು. ಇಲ್ಲಿ ಮೊದಲು ನೋಡಬೇಕಾದ್ದು ಬಿಸಿಲು. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳದ ಜಾಗದಲ್ಲಿ ಈ ಗಿಡ ಬದುಕುತ್ತದೆ, ಎಲೆಯನ್ನೂ ಬಿಡುತ್ತದೆ, ಹೂವಿಗೆ ಮಾತ್ರ ಜಿಪುಣತನ ತೋರಿಸುತ್ತದೆ. ನೆಟ್ಟಾಗ ಬಿಸಿಲಿದ್ದ ಜಾಗಕ್ಕೆ ಈಗ ಪಕ್ಕದ ಮರದ ನೆರಳು ಬಂದಿರಬಹುದು, ಗಮನಿಸಿ. ನೆರಳಿನ ಜಾಗದಲ್ಲಿ ಬೂದಿ ರೋಗವೂ ಜಾಸ್ತಿ. ಎಳೆ ಎಲೆ, ಮೊಗ್ಗುಗಳ ಮೇಲೆ ಬಿಳಿ ಪುಡಿ ಹರಡಿ ಮೊಗ್ಗು ಅರಳದೆಯೇ ಉಳಿಯುತ್ತದೆ. ಎರಡನೆಯದು ಗೊಬ್ಬರ. ಸಾರಜನಕ ಹೆಚ್ಚಾದರೆ ಗಿಡ ಎಲೆ, ರೆಂಬೆ ಬೆಳೆಸುವುದರಲ್ಲೇ ಮುಳುಗಿಬಿಡುತ್ತದೆ. ನೀವು ನೇರವಾಗಿ ಹಾಕದಿದ್ದರೂ ಪಕ್ಕದ ಹುಲ್ಲುಹಾಸಿಗೆ ಹಾಕಿದ್ದು ಇದರ ಬೇರಿಗೆ ಸಿಗುತ್ತದೆ. ನೀರು ನಿಲ್ಲದ, ಸ್ವಲ್ಪ ಹುಳಿಗುಣದ ಮಣ್ಣಿದ್ದರೆ ಬೇರೂರಿದ ಗಿಡಕ್ಕೆ ದೊಡ್ಡ ಉಪಚಾರ ಬೇಕಿಲ್ಲ.

ಒಂದು ವೇಳೆ ನೀವು ಕಡಿಸುತ್ತಿರುವುದು ಹೂವಿಗಲ್ಲ, ಗಿಡ ಎತ್ತರವಾಗಿ ಕಿಟಕಿಗೋ ತಂತಿಗೋ ತಾಗುತ್ತದೆ ಎಂದಾದರೆ, ತಪ್ಪಿರುವುದು ತಳಿಯ ಆಯ್ಕೆಯಲ್ಲಿ. ಒಂದು ಮೀಟರ್ ದಾಟದ ಕುಳ್ಳ ತಳಿಗಳೂ ಇವೆ, ಎರಡಂತಸ್ತಿನ ಮನೆಯಷ್ಟು ಬೆಳೆಯುವವೂ ಇವೆ. ಜಪಾನಿನ ಯಾಕುಶಿಮಾ ದ್ವೀಪದ ಇದರ ಸೋದರ ಜಾತಿಯೊಂದಕ್ಕೆ ಬೂದಿ ರೋಗವನ್ನು ತಡೆಯುವ ಗುಣವಿದೆ. ಅಮೆರಿಕದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಡೊನಾಲ್ಡ್ ಎಗಾಲ್ಫ್ ಆ ಜಾತಿಯೊಂದಿಗೆ ಇದನ್ನು ಅಡ್ಡತಳಿ ಮಾಡಿದರು. 1978ರಲ್ಲಿ ಬಂದ ಬಿಳಿ ಹೂವಿನ 'ನ್ಯಾಚೆಜ್' ಅವರದ್ದೇ. ದಾಲ್ಚಿನ್ನಿ ಬಣ್ಣದ ಅದರ ಕಾಂಡ ನನಗೆ ಹೂವಿಗಿಂತ ಇಷ್ಟ. ಆದರೆ ಅದು ಆರು ಮೀಟರ್ ದಾಟಿ ಬೆಳೆಯುತ್ತದೆ, ಕಿಟಕಿಯ ಕೆಳಗೆ ನೆಡುವ ಗಿಡವಲ್ಲ. ಅಂಥ ಜಾಗಕ್ಕೆ ಮೂರು ಮೀಟರ್ ಆಸುಪಾಸಿನಲ್ಲಿ ನಿಲ್ಲುವ 'ಅಕೋಮಾ' ವಾಸಿ.

ಈಗಾಗಲೇ ಗಂಟುಕಟ್ಟಿದ ನಿಮ್ಮ ಗಿಡಕ್ಕೆ ಎರಡು ದಾರಿಗಳಿವೆ. ಪ್ರತಿ ಗಂಟಿನಲ್ಲೂ ಹೊರಮುಖವಾಗಿರುವ ಎರಡು ಮೂರು ಗಟ್ಟಿ ಚಿಗುರು ಉಳಿಸಿ, ಮಿಕ್ಕವನ್ನು ತೆಗೆಯಿರಿ. ಅವು ಬಲಿತಂತೆ ಗಂಟು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ತೀರಾ ವಿಕಾರವಾಗಿದ್ದರೆ, ಚಿಗುರೊಡೆಯುವ ಮೊದಲು ನೆಲಮಟ್ಟಕ್ಕೆ ಕತ್ತರಿಸಿಬಿಡಿ. ಬುಡದಿಂದ ಹಿಂಡು ಹಿಂಡಾಗಿ ಚಿಗುರು ಬರುತ್ತದೆ. ಅದರಲ್ಲಿ ನೆಟ್ಟಗಿರುವ ಮೂರರಿಂದ ಐದನ್ನು ಬಿಟ್ಟು ಉಳಿದದ್ದನ್ನು ಕಿತ್ತುಹಾಕಿ, ಮುಂದೆ ಮರ ಆಗುವುದು ಅವೇ. ಕಸಿ ಮಾಡಿದ ಗಿಡವಾದರೆ ಮಾತ್ರ ಈ ಎರಡನೇ ದಾರಿ ಬೇಡ, ಬುಡದಿಂದ ಬೇರೆಯೇ ತಳಿ ಎದ್ದೀತು.