ಮಗು ನಿಲ್ಲುವುದಿಲ್ಲ, ಶಟರ್ ಓಡಬೇಕು

ಹತ್ತೊಂಬತ್ತನೆಯ ಶತಮಾನದ ಕೆಲವು ಮಕ್ಕಳ ಫೋಟೊಗಳನ್ನು ನಿಧಾನವಾಗಿ ನೋಡಿದರೆ, ಮಗುವಿನ ಹಿಂದೆ ಬಟ್ಟೆ ಹೊದಿಸಿದ ಕುರ್ಚಿಯಂತಹ ಆಕೃತಿಯೊಂದು ಕಾಣುತ್ತದೆ. ಮುಸುಕು ಹಾಕಿಕೊಂಡು ಮಗುವನ್ನು ಹಿಡಿದು ಕುಳಿತ ತಾಯಿಯೋ ದಾದಿಯೋ ಅದು. 1839ರಲ್ಲಿ ಫ್ರಾನ್ಸಿನ ದಾಗೆರ್ ಕಂಡುಹಿಡಿದ ಫೋಟೊ ತೆಗೆಯುವ ವಿಧಾನ ಲೋಕಕ್ಕೆ ತಿಳಿದಾಗ ಒಂದು ಚಿತ್ರ ಮೂಡಲು ಹಲವು ನಿಮಿಷಗಳು ಬೇಕಾಗುತ್ತಿದ್ದವು. ಮುಂದೆ ಆ ಅವಧಿ ಸೆಕೆಂಡುಗಳಿಗೆ ಇಳಿಯಿತಾದರೂ ಅಷ್ಟು ಹೊತ್ತು ಅಲುಗಾಡದೆ ಕೂರುವ ಕೂಸು ಎಲ್ಲಿ ಸಿಗಬೇಕು? ಇಂದಿನ ಮೊಬೈಲ್ ಕ್ಯಾಮೆರಾ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಲ್ಲೂ ಚಿತ್ರ ಹಿಡಿಯಬಲ್ಲದು. ಹೀಗಿದ್ದರೂ ತಂದೆತಾಯಿಯರ ಮೊಬೈಲಿನಲ್ಲಿ ಕಲಸಿಹೋದ ಕೈಕಾಲುಗಳ, ಮಸುಕಾದ ಮುಖಗಳ ಫೋಟೊಗಳೇ ರಾಶಿ ಬಿದ್ದಿರುತ್ತವೆ. ದೋಷ ಹೆಚ್ಚಾಗಿ ಕ್ಯಾಮೆರಾದ್ದಲ್ಲ, ಬೆಳಕಿನ ಕೊರತೆಯದು.

ಲೆಕ್ಕ ಸರಳವಾಗಿದೆ. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡುವ ಮಗು, ಶಟರ್, ಅಂದರೆ ಬೆಳಕನ್ನು ಒಳಬಿಡುವ ಕ್ಯಾಮೆರಾದ ಬಾಗಿಲು, ಸೆಕೆಂಡಿನ 60ನೇ ಒಂದು ಭಾಗದಷ್ಟು ಕಾಲ ತೆರೆದಿದ್ದರೆ, ಅಷ್ಟರಲ್ಲೇ ಮೂರು ಸೆಂಟಿಮೀಟರಿಗಿಂತ ಹೆಚ್ಚು ಮುಂದೆ ಸಾಗಿರುತ್ತದೆ. ಅಂದರೆ ಅದರ ಕಣ್ಣು ತನ್ನ ಅಗಲಕ್ಕಿಂತಲೂ ಹೆಚ್ಚು ದೂರ ಸರಿದು ಚಿತ್ರದಲ್ಲಿ ಗೀರಾಗಿ ಉಳಿಯುತ್ತದೆ. ಅದೇ ಶಟರ್ ಅವಧಿ 500ನೇ ಒಂದು ಭಾಗವಾದರೆ ಚಲನೆ ನಾಲ್ಕು ಮಿಲಿಮೀಟರಿಗೆ ಇಳಿದು ಮುಖ ಸ್ಪಷ್ಟವಾಗುತ್ತದೆ. ಆದರೆ ಅವಧಿ ಎಂಟು ಪಟ್ಟು ಕಡಿಮೆಯಾದಾಗ ಬೆಳಕನ್ನು ಚಿತ್ರವಾಗಿಸುವ ಸೆನ್ಸರಿಗೆ ಬೀಳುವ ಬೆಳಕೂ ಎಂಟನೇ ಒಂದು ಪಾಲಿಗೆ ಕುಸಿಯುತ್ತದೆ. ಆ ಕೊರತೆ ತುಂಬಲು ಕ್ಯಾಮೆರಾ ಸೆನ್ಸರಿನಿಂದ ಬಂದ ವಿದ್ಯುತ್ ಸಂಕೇತವನ್ನು ಹಿಗ್ಗಿಸುತ್ತದೆ. ಹಿಗ್ಗಿಸಿದಂತೆಲ್ಲ ಕೆನ್ನೆಯ ನುಣುಪಿನ ಜಾಗದಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳು ಏಳುತ್ತವೆ.

ಹೀಗಾಗಿ ನಾನು ಎಲ್ಲಕ್ಕಿಂತ ಮೊದಲು ಹೇಳುವ ಮಾತು ಒಂದೇ: ಕ್ಯಾಮೆರಾ ಬದಲಿಸುವ ಮುನ್ನ ಜಾಗ ಬದಲಿಸಿ. ರಾತ್ರಿ ದೀಪ ಹಚ್ಚಿದ ಕೋಣೆಯಲ್ಲಿ ಬೆಳಕು ಸಾಮಾನ್ಯವಾಗಿ ನೂರಿನ್ನೂರು ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಇರುತ್ತದೆ, ಹಗಲಿನಲ್ಲಿ ಹೊರಗಿನ ತೆರೆದ ನೆರಳಿನಲ್ಲಿ ಅದು ಹತ್ತು ಸಾವಿರ ಲಕ್ಸ್‌ನ ಆಸುಪಾಸಿಗೆ ಏರುತ್ತದೆ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ಅಗಾಧ ಅಂತರ ನಮ್ಮ ಅರಿವಿಗೇ ಬರುವುದಿಲ್ಲ. ನೇರ ಬಿಸಿಲಿನಲ್ಲಿ ಬೆಳಕು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ, ಆದರೆ ಅಲ್ಲಿ ಮಗು ಕಣ್ಣು ಕಿರಿದುಮಾಡುತ್ತದೆ, ಹುಬ್ಬಿನ ಕೆಳಗೆ ಕಪ್ಪು ನೆರಳು ಕೂರುತ್ತದೆ. ಮರದ ಅಥವಾ ಗೋಡೆಯ ನೆರಳೇ ಲೇಸು. ಮನೆಯೊಳಗಾದರೆ ಕಿಟಕಿಯ ಪಕ್ಕ ಮಗುವನ್ನು ಆಟಕ್ಕೆ ಬಿಡಿ. ಕಿಟಕಿಯಿಂದ ದೂರ ಸರಿದಂತೆ ಬೆಳಕು ಬೇಗ ಇಳಿಯುವುದರಿಂದ ಒಂದೆರಡು ಹೆಜ್ಜೆಗಳಿಗೂ ಬೆಲೆಯಿದೆ. ಮಗು ಮರದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತ, ನಾಲಿಗೆಯ ತುದಿ ಹೊರಚಾಚಿ, ಕೊನೆಯ ಇಟ್ಟಿಗೆ ಇಡುವಾಗ ಉಸಿರು ಬಿಗಿಹಿಡಿಯುತ್ತದಲ್ಲ, ಆ ಕ್ಷಣದಲ್ಲಿ ಅದು ತಾನಾಗಿಯೇ ನಿಶ್ಚಲವಾಗಿರುತ್ತದೆ. ಬದಿಯಿಂದ ಬೀಳುವ ಕಿಟಕಿಯ ಬೆಳಕು ಕೆನ್ನೆಯ ದುಂಡನ್ನು ಎತ್ತಿ ತೋರಿಸುತ್ತದೆ, ಕಣ್ಣಿನಲ್ಲಿ ಕಿಟಕಿಯ ಪುಟ್ಟ ಪ್ರತಿಬಿಂಬ ಹೊಳೆಯುತ್ತದೆ. ಮೊಬೈಲಿನ ರಾತ್ರಿ ಮೋಡ್ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುವುದರಿಂದ ಮಲಗಿದ ಮಗುವಿಗೆ ಅದು ಸರಿ, ಆಡುವ ಮಗುವಿಗೆ ಬೇಡ.

ಇನ್ನು ಎತ್ತರದ ವಿಷಯ. ಹುಟ್ಟಿದ ಶಿಶುವಿನ ತಲೆ ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ, ದೊಡ್ಡವರಲ್ಲಿ ಸುಮಾರು ಏಳೂವರೆಯಲ್ಲಿ ಒಂದು ಪಾಲು. ಒಂದು ಮೀಟರ್ ಎತ್ತರದ ಮಗುವಿನಿಂದ 60 ಸೆಂಟಿಮೀಟರ್ ದೂರ ನಿಂತು, ಎದೆಯ ಮಟ್ಟದಲ್ಲಿ ಮೊಬೈಲ್ ಹಿಡಿದು ಕೆಳಗೆ ನೋಡುತ್ತ ಫೋಟೊ ತೆಗೆದರೆ, ಲೆನ್ಸಿನಿಂದ ಮಗುವಿನ ತಲೆಗೆ ಸುಮಾರು 80 ಸೆಂಟಿಮೀಟರ್, ಪಾದಕ್ಕೆ 150 ಸೆಂಟಿಮೀಟರ್ ಅಂತರವಿರುತ್ತದೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವ ನಿಯಮದಂತೆ, ಮೊದಲೇ ದೊಡ್ಡದಾದ ತಲೆ ಪಾದದ ಎದುರು ಹೆಚ್ಚುಕಡಿಮೆ ದುಪ್ಪಟ್ಟಾಗಿ ಮೂಡುತ್ತದೆ. ಮೊಣಕಾಲೂರಿ, ಬೇಕಿದ್ದರೆ ನೆಲದ ಮೇಲೆ ಮಲಗಿ, ಲೆನ್ಸನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ತನ್ನಿ. ತೀರಾ ಹತ್ತಿರ ಹೋಗುವುದೂ ತಪ್ಪೇ: ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ಮೂಗು ಕಿವಿಗಿಂತ ಮೂರನೇ ಒಂದರಷ್ಟು ಹಿಗ್ಗುತ್ತದೆ, ಒಂದೂವರೆ ಮೀಟರ್ ದೂರಕ್ಕೆ ಸರಿದರೆ ಆ ವ್ಯತ್ಯಾಸ ಶೇಕಡಾ ಏಳಕ್ಕೆ ಇಳಿಯುತ್ತದೆ. ಮೊಬೈಲಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೊ ಲೆನ್ಸ್ ಇದ್ದರೆ ಮುಖಗಳಿಗೆ ಅದನ್ನೇ ಬಳಸಿ.

‘ನಗು, ನಗು’ ಎಂದು ಒತ್ತಾಯಿಸುವುದನ್ನು ದಯವಿಟ್ಟು ಬಿಡಿ. ಫ್ರಾನ್ಸಿನ ವೈದ್ಯ ಗಿಯೋಮ್ ಡುಶೆನ್ 1862ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದಂತೆ, ತುಟಿಯ ಅಂಚನ್ನು ಮೇಲೆತ್ತುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ, ಆದರೆ ಕಣ್ಣಿನ ಸುತ್ತಲಿನ ಸ್ನಾಯು ಮನಸ್ಸು ಅರಳಿದಾಗಲೇ ಸರಾಗವಾಗಿ ಸಂಕುಚಿಸುತ್ತದೆ. ಆಜ್ಞೆಗೆ ನಗುವ ಮಗು ಹಲ್ಲು ತೋರಿಸುತ್ತದೆ, ಅದರ ಕಣ್ಣು ನಗುವುದಿಲ್ಲ. ಅದರ ಆಟಕ್ಕೆ ನೀವೂ ಸೇರಿ, ಸತತವಾಗಿ ಹತ್ತಾರು ಫೋಟೊ ತೆಗೆಯುವ ಬರ್ಸ್ಟ್ ಸೌಲಭ್ಯ ಬಳಸಿ, ಆಮೇಲೆ ಆರಿಸಿಕೊಳ್ಳಿ.

ಫ್ಲ್ಯಾಶನ್ನು ನಾನು ಸಾಮಾನ್ಯವಾಗಿ ಬೇಡವೆನ್ನುತ್ತೇನೆ. ಎದುರಿನಿಂದ ಬಡಿಯುವ ಬೆಳಕು ಮುಖವನ್ನು ಚಪ್ಪಟೆಯಾಗಿಸುತ್ತದೆ. ಆದರೆ ಫ್ಲ್ಯಾಶ್ ಹಾಕಿ ತೆಗೆದ ಹಳೆಯ ಫೋಟೊಗಳನ್ನು ಒಮ್ಮೆ ಬಿಚ್ಚಿ ನೋಡುವುದಕ್ಕೆ ಬೇರೊಂದು ಕಾರಣವಿದೆ. ಕಣ್ಣಿನ ಪಾಪೆ ಕೆಂಪಾಗಿ ಕಂಡರೆ ಗಾಬರಿ ಬೇಡ, ಕಣ್ಣಿನ ಹಿಂಭಾಗದ ರಕ್ತನಾಳಗಳಿಂದ ಬೆಳಕು ಮರಳಿದಾಗ ಬರುವ ಬಣ್ಣ ಅದು. ಒಂದು ಕಣ್ಣಿನ ಪಾಪೆ ಮಾತ್ರ ಬಿಳಿಯಾಗಿ ಅಥವಾ ಹಳದಿಯಾಗಿ ಹೊಳೆದಿದ್ದರೆ, ಅದು ಕೆಲವೊಮ್ಮೆ ಬೆಳಕು ಬಿದ್ದ ಕೋನದ ಪರಿಣಾಮವಷ್ಟೇ ಆಗಿರಬಹುದು, ಆದರೆ ಕಣ್ಣಿನ ಪೊರೆಯ ಅಥವಾ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಐದು ವರ್ಷದೊಳಗಿನ ಮಕ್ಕಳಲ್ಲೇ ಹೆಚ್ಚಾಗಿ ಕಾಣುವ ಈ ಕಾಯಿಲೆ ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಇದನ್ನು ಮೊದಲು ಗುರುತಿಸಿದವರು ಎಷ್ಟೋ ಸಲ ಮನೆಯವರೇ, ಒಂದು ಸಾಮಾನ್ಯ ಫೋಟೊದಲ್ಲಿ. ಅಂತಹ ಹೊಳಪು ಕಂಡರೆ ಆ ಫೋಟೊವನ್ನು ಅಳಿಸದೆ, ಮೊಬೈಲ್ ಹಿಡಿದುಕೊಂಡೇ ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೋಗಿ.